ಮೂರು ಪತ್ರಿಕೆ ಓದಿದರೆ ಮೂರರ ಮೇಲೂ ನಂಬಿಕೆ ಹೋಗುತ್ತದೆಯೇ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ನಿವೃತ್ತ ಬ್ಯಾಂಕ್ ನೌಕರ, ವಯಸ್ಸು 63. ನಮ್ಮ ತಂದೆಯವರ ಕಾಲದಿಂದಲೂ ಮನೆಗೆ ಒಂದೇ ದಿನಪತ್ರಿಕೆ ಬರುತ್ತಿತ್ತು. ಅದರಲ್ಲಿ ಬಂದದ್ದೆಲ್ಲ ನಿಜವೆಂದೇ ತಿಳಿದಿದ್ದೆವು. ಎರಡು ವರ್ಷಗಳ ಹಿಂದೆ ಒಂದು ಸಂಜೆ ನಮ್ಮೂರಿನ ಬಳಿ ಹೆದ್ದಾರಿಯಲ್ಲಿ ಟೆಂಪೊ ಟ್ರಾವೆಲರ್ ಒಂದು ಲಾರಿಗೆ ಗುದ್ದಿದಾಗ ನಾನು ಅದೇ ದಾರಿಯಲ್ಲಿದ್ದೆ, ಗಾಯಾಳುಗಳನ್ನು ಇಳಿಸಲು ಕೈಜೋಡಿಸಿದೆ. ನಾಲ್ವರ ಉಸಿರು ನಿಂತಿದ್ದನ್ನು ಕಣ್ಣಾರೆ ಕಂಡೆ. ಮರುದಿನ ನಮ್ಮ ಪತ್ರಿಕೆಯಲ್ಲಿ ‘ಮೂವರ ಸಾವು’ ಎಂದಿತ್ತು. ಅಂದಿನಿಂದ ಎರಡನೆಯ ಪತ್ರಿಕೆ ಹಾಕಿಸಿಕೊಂಡೆ. ಮೂರನೆಯದನ್ನು ಗ್ರಂಥಾಲಯದಲ್ಲಿ ಓದುತ್ತೇನೆ. ಸಂಜೆ ನಾಲ್ಕು ಚಾನೆಲ್ ತಿರುಗಿಸುತ್ತೇನೆ, ರಾತ್ರಿ ಯೂಟ್ಯೂಬ್, ಇದರ ಮೇಲೆ ಆರು ವಾಟ್ಸ್‌ಆ್ಯಪ್ ಗುಂಪುಗಳು. ಈಗ ಯಾವುದನ್ನೂ ನಂಬಲಾಗುತ್ತಿಲ್ಲ. ನಮ್ಮ ಪತ್ರಿಕೆ ಆಳುವ ಪಕ್ಷದ ಕಡೆ ವಾಲಿದೆ ಎಂದು ನನಗೆ ಅನಿಸುತ್ತದೆ. ಅದೇ ಪತ್ರಿಕೆಯನ್ನು ಓದುವ ನನ್ನ ಭಾವಮೈದ ಅದನ್ನು ವಿರೋಧ ಪಕ್ಷದ ಮುಖವಾಣಿ ಎನ್ನುತ್ತಾನೆ. ‘ಎಲ್ಲರೂ ಮಾರಾಟವಾಗಿದ್ದಾರೆ ಅಪ್ಪ, ಬಿಟ್ಟುಬಿಡಿ’ ಎಂದು ಮಗಳು ಹೇಳುತ್ತಾಳೆ. ‘ಮಾವನವರಿಗೆ ಒಂದು ಪತ್ರಿಕೆ ಸಾಕಾಗಿತ್ತಲ್ಲ’ ಎಂದು ಮನೆಯವರು. ಹಲವು ಕಡೆ ನೋಡಿದ್ದರಿಂದಲೇ ನನ್ನ ನಂಬಿಕೆ ಹೋಯಿತೇ? ಮತ್ತೆ ಒಂದೇ ಪತ್ರಿಕೆಗೆ ಮರಳಲೇ?

ಉತ್ತರ: ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕಾರಣವೇನು ಎಂಬುದು ನಿಮ್ಮ ಮೊದಲ ಪ್ರಶ್ನೆ, ಮುಂದೇನು ಮಾಡಲಿ ಎಂಬುದು ಎರಡನೆಯದು. ಮೊದಲನೆಯದಕ್ಕೆ ಬೇಕಾದ ಸುಳಿವನ್ನು ನೀವೇ ಬರೆದಿದ್ದೀರಿ, ಆದರೆ ಗಮನಿಸಿದಂತಿಲ್ಲ. ಎರಡನೆಯ ಪತ್ರಿಕೆ ಹಾಕಿಸಿಕೊಂಡದ್ದು ಅಪಘಾತದ ವರದಿ ಓದಿದ ಮೇಲೆ. ಅಂದರೆ ಸಂಶಯ ಮೊದಲು ಬಂತು, ಹಲವು ಪತ್ರಿಕೆಗಳು ಆಮೇಲೆ ಬಂದವು. ಹೆಚ್ಚು ಓದಿದ್ದರಿಂದ ನಂಬಿಕೆ ಹೋಯಿತು ಎನ್ನುವುದಕ್ಕಿಂತ, ನಂಬಿಕೆ ಅಲುಗಾಡಿದ್ದರಿಂದ ಹೆಚ್ಚು ಓದಲು ಹೊರಟಿರಿ ಎನ್ನುವುದೇ ನಿಮ್ಮ ವಿಷಯದಲ್ಲಿ ಸರಿ.

ಇದು ನಿಮ್ಮೊಬ್ಬರ ಕಥೆಯೂ ಅಲ್ಲ. ಯಾರಿವ್ ಸಫಾತಿ ಮತ್ತು ಜೋಸೆಫ್ ಕಪೆಲ್ಲಾ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖ್ಯವಾಹಿನಿಯ ಸುದ್ದಿಯನ್ನು ನಂಬದ ಅಮೆರಿಕನ್ನರು ಅದರಾಚೆಗಿನ ಮೂಲಗಳತ್ತ ಹೆಚ್ಚು ಹೊರಳುತ್ತಾರೆ ಎಂಬುದು ಕಂಡುಬಂದಿತ್ತು. ಹಾಗೆಂದು ಅವರು ಮುಖ್ಯವಾಹಿನಿಯನ್ನು ಪೂರ್ತಿಯಾಗಿ ಬಿಟ್ಟಿರಲೂ ಇಲ್ಲ. ನಂಬದಿದ್ದರೂ ನೋಡುತ್ತಲೇ ಇದ್ದರು. ‘ಹಲವು ಮೂಲಗಳನ್ನು ನೋಡುವವರಲ್ಲಿ ವಿಶ್ವಾಸ ಕಡಿಮೆ’ ಎಂಬ ಸಮೀಕ್ಷೆಯ ಸಾಲನ್ನು ಎಲ್ಲಿಯಾದರೂ ಓದಿದರೆ, ಯಾವುದು ಯಾವುದರ ಹಿಂದೆ ಬಂತು ಎಂದು ಮೊದಲು ಕೇಳಬೇಕು. ಒಂದೇ ದಿನ ಕೇಳಿದ ಪ್ರಶ್ನೆಗಳಿಂದ ಅದು ಗೊತ್ತಾಗುವುದಿಲ್ಲ.

ಈಗ ಆ ಅಪಘಾತಕ್ಕೆ ಬರುತ್ತೇನೆ. ಎಲ್ಲದರ ಬೇರು ಅಲ್ಲಿದೆ, ಜೊತೆಗೆ 26 ವರ್ಷ ದಿನಪತ್ರಿಕೆಯ ಡೆಸ್ಕ್‌ನಲ್ಲಿ ಕುಳಿತು ಇಂಥ ಸುದ್ದಿಗಳಿಗೆ ತಲೆಬರಹ ಕೊಟ್ಟವನು ನಾನು.

ಸಂಜೆ ಅಪಘಾತವಾಗುತ್ತದೆ. ತಾಲ್ಲೂಕಿನ ಅರೆಕಾಲಿಕ ವರದಿಗಾರ ಸ್ಥಳಕ್ಕೆ ಹೋಗುವ ಹೊತ್ತಿಗೆ ಗಾಯಾಳುಗಳು ಆಂಬುಲೆನ್ಸ್‌ನಲ್ಲಿ ಹೊರಟಿರುತ್ತಾರೆ. ಆತ ಠಾಣೆಗೆ ಫೋನ್ ಮಾಡಿದರೆ ‘ಸ್ಥಳದಲ್ಲೇ ಮೂವರು’ ಎನ್ನುತ್ತಾರೆ. ನಿಮ್ಮ ಕಣ್ಣೆದುರು ಉಸಿರು ನಿಂತ ನಾಲ್ಕನೆಯವರನ್ನು ಬಹುಶಃ ಆಸ್ಪತ್ರೆಗೆ ಒಯ್ದಿರುತ್ತಾರೆ. ಅಲ್ಲಿ ವೈದ್ಯರು ನೋಡಿ ಹೇಳುವವರೆಗೆ ಅವರು ಪೊಲೀಸರ ಲೆಕ್ಕದಲ್ಲಿ ಗಾಯಾಳು. ನಿಮ್ಮ ಮನೆಗೆ ಬರುವುದು ಜಿಲ್ಲೆಯ ಆವೃತ್ತಿ. ಅದು ಲಾರಿ ಹತ್ತಿ ದೂರ ಹೋಗಬೇಕಾದ್ದರಿಂದ ಅದರ ಪುಟಗಳನ್ನು ಎಲ್ಲಕ್ಕಿಂತ ಮೊದಲು ಮುದ್ರಣಕ್ಕೆ ಬಿಡುತ್ತಾರೆ. ಪುಟ ಬಿಟ್ಟ ಮೇಲೆ ವರದಿಗಾರ ಮತ್ತೆ ಫೋನ್ ಮಾಡಿ ‘ಸರ್, ನಾಲ್ಕಾಯಿತು’ ಎನ್ನುತ್ತಾನೆ. ಆ ಸಂಖ್ಯೆ ತಡವಾಗಿ ಮುದ್ರಣಕ್ಕೆ ಹೋಗುವ ನಗರದ ಆವೃತ್ತಿಗೆ ಸೇರುತ್ತದೆ, ನಿಮ್ಮದಕ್ಕೆ ಸೇರುವುದಿಲ್ಲ. ಒಂದೇ ಪತ್ರಿಕೆ, ಒಂದೇ ದಿನಾಂಕ, ಬೆಂಗಳೂರಿನ ಓದುಗನಿಗೆ ನಾಲ್ಕು, ನಿಮಗೆ ಮೂರು. ನಡುರಾತ್ರಿ ಜಿಲ್ಲಾ ಆಸ್ಪತ್ರೆಯಲ್ಲಿ ಐದನೆಯವರು ತೀರಿಕೊಂಡಿದ್ದರೆ ಅದು ಯಾವ ಆವೃತ್ತಿಯಲ್ಲೂ ಇರುವುದಿಲ್ಲ. ಅತ್ತ ಚಾನೆಲ್‌ಗೆ ಅಪಘಾತವಾದ ಅರ್ಧ ಗಂಟೆಯೊಳಗೆ ಒಂದು ಸಂಖ್ಯೆ ಬೇಕು. ಅದು ಸಿಗುವುದು ಅಲ್ಲಿ ನಿಂತು ನೋಡಿದವರ ಅಂದಾಜಿನಿಂದ, ಅಂದಾಜು ಸಾಮಾನ್ಯವಾಗಿ ಮೇಲಕ್ಕೇ ಹೋಗುತ್ತದೆ.

ಇದರಲ್ಲಿ ಯಾರೂ ಸುಳ್ಳು ಹೇಳಲಿಲ್ಲ. ಆದರೂ ತಪ್ಪು ನಡೆದಿದೆ, ಅದನ್ನು ಮರೆಮಾಚುವುದಿಲ್ಲ. ‘ರಾತ್ರಿ ಇಷ್ಟು ಗಂಟೆಯವರೆಗಿನ ಪೊಲೀಸ್ ಮಾಹಿತಿಯಂತೆ’ ಎಂಬ ಐದಾರು ಪದಗಳನ್ನು ವರದಿಗೆ ಸೇರಿಸಿದ್ದರೆ ನೀವು ಈ ಪತ್ರ ಬರೆಯುತ್ತಿರಲಿಲ್ಲವೇನೋ. ಆ ಪದಗಳನ್ನು ನಾವು ಕತ್ತರಿಸುತ್ತೇವೆ. ಜಾಗ ಉಳಿಯುತ್ತದೆ, ವಾಕ್ಯ ಬಿಗಿಯಾಗುತ್ತದೆ ಎಂಬುದು ಡೆಸ್ಕ್‌ನ ಸಮರ್ಥನೆ. ನಾನೂ ಕತ್ತರಿಸಿದ್ದೇನೆ. ಒಮ್ಮೆ ದೋಣಿ ಮುಳುಗಿದ ಸುದ್ದಿಯಲ್ಲಿ ಕಾಣೆಯಾದವರನ್ನೂ ಸತ್ತವರ ಲೆಕ್ಕಕ್ಕೆ ಸೇರಿಸಿ ಮುಖಪುಟದಲ್ಲಿ ತಲೆಬರಹ ಕೊಟ್ಟೆ; ಇಬ್ಬರು ಈಜಿ ದಡ ಸೇರಿದ್ದರು. ಮೂರನೆಯ ದಿನ ಏಳನೆಯ ಪುಟದ ಮೂಲೆಯಲ್ಲಿ, ವಧೂವರರ ಜಾಹೀರಾತಿನ ಮೇಲೆ, ನಾಲ್ಕು ಸಾಲಿನ ತಿದ್ದುಪಡಿ ಬಂತು. ಮುಖಪುಟದ ತಪ್ಪಿಗೆ ಏಳನೆಯ ಪುಟದ ಕ್ಷಮೆ. ಓದುಗರು ನಮ್ಮ ಮೇಲೆ ವಿಶ್ವಾಸ ಕಳೆದುಕೊಂಡರೆಂದು ನಾವು ಸಂಕಿರಣಗಳಲ್ಲಿ ದುಃಖಿಸುವಾಗ ಆ ಮೂಲೆ ನನಗೆ ನೆನಪಾಗುತ್ತದೆ.

ನೀವು ಆಮೇಲೆ ಕೈಗೊಂಡ ಉಪಾಯ, ಅಂದರೆ ಮೂರು ಪತ್ರಿಕೆ, ನಾಲ್ಕು ಚಾನೆಲ್, ಯೂಟ್ಯೂಬ್, ಆರು ಗುಂಪುಗಳು, ನೋಡಲು ಸರಿಯಾಗಿಯೇ ಇದೆ. ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂದವರು ನಮ್ಮ ಹಿರಿಯರು. ಆದರೆ ಇಲ್ಲಿ ಒಂದು ಲೆಕ್ಕ ತಪ್ಪುತ್ತಿದೆ. ಒಂದೇ ಟ್ಯಾಂಕಿನ ನೀರು ಹದಿನಾಲ್ಕು ನಲ್ಲಿಗಳಲ್ಲಿ ಬಂದರೆ ಹದಿನಾಲ್ಕು ಬಾವಿಗಳ ನೀರು ಕುಡಿದಂತಾಗುವುದಿಲ್ಲ. ದೆಹಲಿಯ ಸುದ್ದಿ, ಹೊರ ರಾಜ್ಯಗಳ ಸುದ್ದಿ, ವಿದೇಶದ ಸುದ್ದಿ ಕನ್ನಡ ಪತ್ರಿಕೆಗಳಿಗೆ ಬರುವುದು ಬಹುಪಾಲು ಪಿಟಿಐಯಂಥ ಸುದ್ದಿಸಂಸ್ಥೆಗಳಿಂದ. ನಿಮ್ಮ ಮೂರೂ ಪತ್ರಿಕೆಗಳ ಉಪಸಂಪಾದಕರು ಅದೇ ಇಂಗ್ಲಿಷ್ ಪ್ರತಿಯನ್ನು ಮುಂದಿಟ್ಟುಕೊಂಡು ಕನ್ನಡಕ್ಕೆ ತರುತ್ತಿರುತ್ತಾರೆ. ಮೂರರಲ್ಲೂ ಒಂದೇ ವಿಷಯ ಬಂದಾಗ ‘ಮೂರು ಕಡೆ ಇದೆ, ನಿಜವೇ ಇರಬೇಕು’ ಎಂದುಕೊಂಡರೆ ಒಬ್ಬನೇ ಸಾಕ್ಷಿಯನ್ನು ಮೂರು ಸಲ ಎಣಿಸಿದಂತೆ. ಇದರ ಎದುರು ಬದಿಯೂ ಉಂಟು: ಒಂದೇ ಪ್ರತಿಯನ್ನು ಮೂವರು ಮೂರು ಬಗೆಯಲ್ಲಿ ಕತ್ತರಿಸಿದಾಗ ವರದಿಗಳು ಬೇರೆ ಬೇರೆಯಾಗಿ ಕಾಣುತ್ತವೆ, ‘ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ’ ಎಂಬ ಬೇಸರ ಅಲ್ಲಿಂದಲೂ ಹುಟ್ಟುತ್ತದೆ. ವರದಿಯ ಮೊದಲಿಗೆ ಊರಿನ ಹೆಸರಿನ ಪಕ್ಕ ‘ಪಿಟಿಐ’ ಎಂದಿದೆಯೇ, ‘ನಮ್ಮ ಪ್ರತಿನಿಧಿಯಿಂದ’ ಎಂದಿದೆಯೇ, ವರದಿಗಾರರ ಹೆಸರಿದೆಯೇ ಎಂದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದು ವಾರದಲ್ಲೇ ನಿಮ್ಮ ಮೂರು ಪತ್ರಿಕೆಗಳು ಎಲ್ಲಿ ಒಂದೇ, ಎಲ್ಲಿ ನಿಜವಾಗಿ ಮೂರು ಎಂಬುದು ತಿಳಿಯುತ್ತದೆ.

ಚಾನೆಲ್‌ಗಳಲ್ಲಿ ಇದು ಇನ್ನೂ ಬಿಗಿ. ಪ್ರತಿ ಸುದ್ದಿಮನೆಯ ಗೋಡೆಯ ಮೇಲೂ ಪ್ರತಿಸ್ಪರ್ಧಿಗಳ ಚಾನೆಲ್‌ಗಳು ಮೌನವಾಗಿ ಓಡುತ್ತಿರುತ್ತವೆ. ಒಬ್ಬರು ‘ಬ್ರೇಕಿಂಗ್’ ಹಾಕಿದರೆ ಮಿಕ್ಕವರು ಎರಡು ನಿಮಿಷದಲ್ಲಿ ಹಾಕದಿದ್ದರೆ ಯಾರಾದರೂ ಬೈಸಿಕೊಳ್ಳುತ್ತಾರೆ. ವೀಕ್ಷಕರ ಸಂಖ್ಯೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್‌ಗಳು ಇಡೀ ದೇಶದಲ್ಲಿ ಇರುವುದು ಒಂದು ಲಕ್ಷಕ್ಕೂ ಕಡಿಮೆ ಮನೆಗಳಲ್ಲಿ. ಆ ಅಂಕಿಯ ಮೇಲೆ ಜಾಹೀರಾತಿನ ದರ ನಿಂತಿದೆ. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ತಿರುಚಿದ ಆರೋಪದ ಪ್ರಕರಣವನ್ನು ಬಯಲಿಗೆ ತಂದ ಮೇಲೆ ಸುದ್ದಿ ಚಾನೆಲ್‌ಗಳ ವಾರದ ರೇಟಿಂಗ್ ನಿಂತುಹೋಗಿ, ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. 2016ರ ನವೆಂಬರ್‌ನಲ್ಲಿ ಹೊಸ ₹2,000 ನೋಟಿನೊಳಗೆ ಚಿಪ್ ಇದೆ, ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆ ಎಂಬ ಕಥೆ ನಿಮಗೆ ನೆನಪಿರಬೇಕು; ಬ್ಯಾಂಕಿನಲ್ಲಿದ್ದವರು ನೀವು, ಕೌಂಟರ್‌ನಲ್ಲಿ ಎಷ್ಟು ಜನ ಕೇಳಿದ್ದರೋ. ಅದು ವಾಟ್ಸ್‌ಆ್ಯಪ್‌ನಲ್ಲಿ ಹುಟ್ಟಿ, ಒಂದಕ್ಕಿಂತ ಹೆಚ್ಚು ಭಾಷೆಗಳ ಚಾನೆಲ್‌ಗಳ ಪರದೆ ಏರಿ, ‘ಟಿವಿಯಲ್ಲೇ ಬಂತು’ ಎಂಬ ಮುದ್ರೆಯೊಂದಿಗೆ ಮತ್ತೆ ವಾಟ್ಸ್‌ಆ್ಯಪ್‌ಗೆ ಇಳಿಯಿತು. ಅಂಥ ಯಾವ ಚಿಪ್ ಕೂಡ ಇರಲಿಲ್ಲ. ನಾಲ್ಕು ಚಾನೆಲ್ ತಿರುಗಿಸಿದವನಿಗೆ ಅಂದು ಸಿಕ್ಕಿದ್ದು ಒಂದೇ ಸುಳ್ಳಿನ ನಾಲ್ಕು ಧ್ವನಿಗಳು.

ಗುಂಪುಗಳ ವಿಷಯದಲ್ಲಿ ನಾನು ಹೆಚ್ಚು ನಿಷ್ಠುರವಾಗಿದ್ದೇನೆ. ಪದೇ ಪದೇ ಕೇಳಿದ್ದು ನಿಜವೆನಿಸತೊಡಗುತ್ತದೆ ಎಂಬುದನ್ನು ಮನೋವಿಜ್ಞಾನಿಗಳು 1977ರಷ್ಟು ಹಿಂದೆಯೇ ಪ್ರಯೋಗದಿಂದ ತೋರಿಸಿದ್ದಾರೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ವಿಡಿಯೊಗಳು ನಮ್ಮ ರಾಜ್ಯದಲ್ಲಿ ಹರಿದಾಡಿದಾಗ, ಅವುಗಳಲ್ಲೊಂದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ ಚಿತ್ರದ ತುಣುಕಾಗಿತ್ತು. ಕೊನೆಯಲ್ಲಿದ್ದ ಸಂದೇಶವನ್ನು ಯಾರೋ ಕತ್ತರಿಸಿ ತೆಗೆದಿದ್ದರು. ಆ ವರ್ಷದ ಮೇನಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಇಂಥ ವದಂತಿ ನಂಬಿದ ಜನ ಅಮಾಯಕರನ್ನು ಹೊಡೆದು ಕೊಂದರು. ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದೇ ಕಡೆ ಕಳುಹಿಸಬಹುದೆಂಬ ಮಿತಿಯನ್ನು ವಾಟ್ಸ್‌ಆ್ಯಪ್ ತಂದದ್ದು ಅದೇ ಜುಲೈನಲ್ಲಿ. ಆರು ಗುಂಪುಗಳಲ್ಲಿ ಬಂದ ಒಂದು ಸಂದೇಶವನ್ನು ‘ಆರು ಕಡೆಯಿಂದ ಬಂತು’ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಮನಸ್ಸು ಹಾಗೆಯೇ ಎಣಿಸಿಕೊಂಡುಬಿಡುತ್ತದೆ.

ಹಾಗಾದರೆ ಜಾಲತಾಣಗಳಲ್ಲಿರುವವರೆಲ್ಲ ತಮ್ಮ ಬಣ್ಣದ ಸುದ್ದಿಯನ್ನಷ್ಟೇ ನೋಡುತ್ತಾರೆಯೇ? ಇದು ಜನಪ್ರಿಯ ನಂಬಿಕೆ, ಆದರೆ ಅರ್ಧ ಸತ್ಯ. ಆಕ್ಸ್‌ಫರ್ಡ್‌ನ ಪತ್ರಿಕೋದ್ಯಮ ಸಂಶೋಧನಾ ಸಂಸ್ಥೆ ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ರಿಚರ್ಡ್ ಫ್ಲೆಚರ್ ಮತ್ತು ರಾಸ್ಮಸ್ ನೀಲ್ಸನ್ ನಡೆಸಿದ ಅಧ್ಯಯನಗಳ ಪ್ರಕಾರ, ಹುಡುಕುಯಂತ್ರ ಮತ್ತು ಸಾಮಾಜಿಕ ಜಾಲತಾಣಗಳ ಮೂಲಕ ಸುದ್ದಿ ತಲುಪುವವರು ನೇರವಾಗಿ ಒಂದೆರಡು ಸುದ್ದಿತಾಣಗಳಿಗೆ ಹೋಗುವವರಿಗಿಂತ ಹೆಚ್ಚು ಮೂಲಗಳನ್ನು ಕಾಣುತ್ತಾರೆ. ಕಾಣುವುದೇನೋ ಹೌದು. ಕಂಡದ್ದನ್ನು ಹೇಗೆ ಸ್ವೀಕರಿಸುತ್ತಾರೆ ಎಂಬುದು ಬೇರೆಯೇ ವಿಷಯ. ಅದಕ್ಕೆ ನಿಮ್ಮ ಭಾವಮೈದನವರು ಬೇಕಾಗುತ್ತಾರೆ.

ನೀವಿಬ್ಬರೂ ಒಂದೇ ಪತ್ರಿಕೆ ಓದಿ ವಿರುದ್ಧ ತೀರ್ಮಾನಕ್ಕೆ ಬಂದಿದ್ದೀರಿ. 1982ರಲ್ಲಿ ಬೈರೂತ್‌ನ ನಿರಾಶ್ರಿತರ ಶಿಬಿರಗಳಲ್ಲಿ ನಡೆದ ಹತ್ಯಾಕಾಂಡದ ಕುರಿತ ಟಿವಿ ವರದಿಗಳನ್ನು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಸ್ರೇಲ್ ಪರ ಮತ್ತು ಅರಬ್ಬರ ಪರ ಒಲವಿದ್ದ ವಿದ್ಯಾರ್ಥಿಗಳಿಗೆ ತೋರಿಸಿದರು. ಒಂದೇ ದೃಶ್ಯಗಳನ್ನು ನೋಡಿದ ಎರಡೂ ಗುಂಪುಗಳು ‘ಇದು ನಮ್ಮ ವಿರುದ್ಧ ವಾಲಿದೆ’ ಎಂದವು. 1985ರಲ್ಲಿ ಪ್ರಕಟವಾದ ಆ ಅಧ್ಯಯನದ ಒಂದು ಅಂಶ ನನ್ನನ್ನು ಇಂದಿಗೂ ಕಾಡುತ್ತದೆ: ವಾಲಿಕೆಯನ್ನು ಹೆಚ್ಚಾಗಿ ಕಂಡವರು ಏನೂ ಗೊತ್ತಿಲ್ಲದವರಾಗಿರಲಿಲ್ಲ, ವಿಷಯ ಚೆನ್ನಾಗಿ ಬಲ್ಲವರಾಗಿದ್ದರು. ನಮ್ಮ ಕಡೆಯ ವಾದ ನಮಗೆ ಎಷ್ಟು ವಿವರವಾಗಿ ಗೊತ್ತಿರುತ್ತದೋ, ವರದಿಯಲ್ಲಿ ಬಿಟ್ಟುಹೋದದ್ದು ಅಷ್ಟೇ ಎದ್ದು ಕಾಣುತ್ತದೆ. ಹಾಗೆಂದು ವಾಲಿದ ಪತ್ರಿಕೆಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಇವೆ, ಕೆಲವು ಉರುಳಿ ಬೀಳುವಷ್ಟು ವಾಲಿವೆ. ವಾಲಿದೆ ಎಂಬ ಅನಿಸಿಕೆಯೊಂದನ್ನೇ ಸಾಕ್ಷಿಯೆಂದು ಹಿಡಿಯಲಾಗದು, ಅಷ್ಟೇ. ಮುಂದಿನ ಭಾನುವಾರ ಇಬ್ಬರೂ ಕುಳಿತು ಒಂದೇ ರಾಜಕೀಯ ವರದಿಯನ್ನು ತೆಗೆದುಕೊಂಡು, ವಾಲಿದೆ ಎನಿಸುವ ಪದಗಳಿಗೆ ಇಬ್ಬರೂ ಬೇರೆ ಬೇರೆ ಬಣ್ಣದ ಗೆರೆ ಹಾಕಿ ನೋಡಿ. ಎರಡೂ ಬಣ್ಣ ಬಿದ್ದ ಕಡೆ ಬಹುಶಃ ನಿಜವಾದ ವಾಲಿಕೆ ಇದೆ.

ದೇಶ ದೇಶಗಳ ಅಂಕಿಗಳನ್ನು ಜನ ಮೇಲಿಂದ ಮೇಲೆ ಉಲ್ಲೇಖಿಸುವುದರಿಂದ ಅವನ್ನೂ ಹೇಳುತ್ತೇನೆ. ರಾಯಿಟರ್ಸ್ ಇನ್‌ಸ್ಟಿಟ್ಯೂಟ್‌ನ 2024ರ ವರದಿಯಲ್ಲಿ ‘ಸುದ್ದಿಯನ್ನು ಬಹುತೇಕ ನಂಬಬಹುದು’ ಎಂದವರು ಫಿನ್ಲೆಂಡ್‌ನಲ್ಲಿ ಶೇ 69, ಅಮೆರಿಕದಲ್ಲಿ ಶೇ 32, ಭಾರತದಲ್ಲಿ ಶೇ 41. ಆದರೆ ಭಾರತದಲ್ಲಿ ಆ ಸಮೀಕ್ಷೆ ಮಾತನಾಡಿಸುವುದು ಮುಖ್ಯವಾಗಿ ಇಂಗ್ಲಿಷ್ ಬಲ್ಲ, ಅಂತರಜಾಲ ಬಳಸುವವರನ್ನು. ನಿಮ್ಮ ಗ್ರಂಥಾಲಯದ ಬೆಂಚಿನ ಮೇಲೆ ಕುಳಿತವರ ಮನಸ್ಸು ಆ 41ರೊಳಗೆ ಇಲ್ಲ. ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ 1972ರಲ್ಲಿ ಕೇಳಿದಾಗ ಶೇ 68ರಷ್ಟು ಜನ ಮಾಧ್ಯಮಗಳ ಮೇಲೆ ಸಾಕಷ್ಟು ವಿಶ್ವಾಸವಿದೆ ಎಂದಿದ್ದರು; 2024ರಲ್ಲಿ ಆ ಪ್ರಮಾಣ ಶೇ 31. ಈ ನಡುವೆ ಅಲ್ಲಿ ಸುದ್ದಿಮೂಲಗಳು ಹೆಚ್ಚಿದ್ದು ನಿಜ. ಆದರೆ ಫಿನ್ಲೆಂಡ್‌ನಲ್ಲೂ ಅಂತರಜಾಲವಿದೆ, ಹಲವು ಮೂಲಗಳಿವೆ. ಮೂಲಗಳ ಸಂಖ್ಯೆಯಿಂದಷ್ಟೇ ವಿಶ್ವಾಸ ಕುಸಿಯುವುದಾದರೆ ಅಲ್ಲೂ ಕುಸಿಯಬೇಕಿತ್ತು. ಅಮೆರಿಕದಲ್ಲಿ ಹೆಚ್ಚಾದ ಮೂಲಗಳಲ್ಲಿ ಹಲವು ‘ಉಳಿದವರನ್ನು ನಂಬಬೇಡಿ’ ಎಂಬುದನ್ನೇ ಬಂಡವಾಳ ಮಾಡಿಕೊಂಡವು. ಅಲ್ಲಿನ 2018ರ ಚುನಾವಣೆಯ ಹೊತ್ತಿನಲ್ಲಿ ಸಂಶೋಧಕರು ಕೆಲವರ ಬ್ರೌಸರ್ ತೆರೆದಾಗ ಕಾಣುವ ಮೊದಲ ಪುಟವನ್ನು ಪಕ್ಷದ ಒಲವಿನ ತಾಣಕ್ಕೆ ಬದಲಿಸಿ ನೋಡಿದರು. ಅವರ ರಾಜಕೀಯ ನಿಲುವುಗಳು ಹೆಚ್ಚೇನೂ ಬದಲಾಗಲಿಲ್ಲ, ಆದರೆ ಮುಖ್ಯವಾಹಿನಿಯ ಮಾಧ್ಯಮಗಳ ಮೇಲಿನ ವಿಶ್ವಾಸ ಒಂದು ವರ್ಷದ ನಂತರವೂ ಕುಗ್ಗಿಯೇ ಇತ್ತು. ರಾತ್ರಿ ನೋಡುವ ಯೂಟ್ಯೂಬ್ ಚಾನೆಲ್‌ನ ನಿರೂಪಕ ಸುದ್ದಿ ಹೇಳುವುದಕ್ಕೆ ಎಷ್ಟು ಹೊತ್ತು, ‘ಬೇರೆಯವರು ಇದನ್ನು ನಿಮಗೆ ತೋರಿಸುವುದಿಲ್ಲ’ ಎನ್ನುವುದಕ್ಕೆ ಎಷ್ಟು ಹೊತ್ತು ಬಳಸುತ್ತಾನೆ ಎಂದು ಗಡಿಯಾರ ಹಿಡಿದು ನೋಡಿ.

ಇನ್ನು ಮನೆಯವರ ಮಾತು. ನಿಮ್ಮ ತಂದೆಯವರಿಗೆ ಒಂದು ಪತ್ರಿಕೆ ಸಾಕಾಗಿತ್ತು, ನಂಬಿಕೆಯೂ ಗಟ್ಟಿಯಾಗಿತ್ತು. ಆ ಗಟ್ಟಿತನದ ಒಂದು ಭಾಗ ಹೋಲಿಸಿ ನೋಡಲು ಇನ್ನೊಂದು ಇಲ್ಲದ್ದರಿಂದ ಬಂದದ್ದು. 1975ರ ಜೂನ್ 26ರಂದು, ತುರ್ತುಪರಿಸ್ಥಿತಿ ಜಾರಿಯಾದ ಬೆನ್ನಲ್ಲೇ, ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನು ಇಲ್ಲೇ ಬಂಧಿಸಲಾಯಿತು. ಅದರ ಮುಂದಿನ ತಿಂಗಳುಗಳಲ್ಲಿ ಪತ್ರಿಕೆಗಳು ಸೆನ್ಸಾರ್ ಒಪ್ಪಿದ್ದನ್ನಷ್ಟೇ ಮುದ್ರಿಸಬೇಕಿತ್ತು. ಪತ್ರಿಕೆ ಎಂದಿನಂತೆ ಬೆಳಿಗ್ಗೆ ಬರುತ್ತಿತ್ತು, ಓದುಗರು ಎಂದಿನಂತೆ ಓದುತ್ತಿದ್ದರು. ಶಾರ್ಟ್‌ವೇವ್ ರೇಡಿಯೊ ಇದ್ದವರು ರಾತ್ರಿ ಬಿಬಿಸಿ ಹಚ್ಚಿ ಪತ್ರಿಕೆಯಲ್ಲಿ ಏನಿಲ್ಲ ಎಂಬುದನ್ನು ತಿಳಿಯುತ್ತಿದ್ದರು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಸಾವನ್ನು ಬಿಬಿಸಿ ಮಧ್ಯಾಹ್ನವೇ ಹೇಳಿತ್ತು, ಆಕಾಶವಾಣಿ ಅಧಿಕೃತವಾಗಿ ಹೇಳಿದ್ದು ಸಂಜೆ. ಎರಡನ್ನೂ ಕೇಳಿದವರಿಗೆ ಸರ್ಕಾರಿ ಬಾನುಲಿಯ ಮೇಲಿನ ವಿಶ್ವಾಸ ಕಡಿಮೆಯಾಗಿದ್ದರೆ ಅದನ್ನು ರೋಗವೆನ್ನಲಾದೀತೇ? ಈಚಿನ ಒಂದು ಪ್ರಯೋಗವೂ ಇದನ್ನೇ ಹೇಳುತ್ತದೆ. ಬೀಜಿಂಗ್‌ನ ವಿದ್ಯಾರ್ಥಿಗಳಿಗೆ ಸೆನ್ಸಾರ್ ದಾಟುವ ಸೌಲಭ್ಯವನ್ನು ಉಚಿತವಾಗಿ ಕೊಟ್ಟಾಗ ಹೆಚ್ಚಿನವರು ವಿದೇಶಿ ಸುದ್ದಿತಾಣಗಳತ್ತ ತಲೆಹಾಕಲಿಲ್ಲ. ಕೆಲಕಾಲ ಓದುವಂತೆ ಉತ್ತೇಜಿಸಿದ ಮೇಲೆ ಮಾತ್ರ ಆ ಅಭ್ಯಾಸ ಉಳಿಯಿತು, ಸರ್ಕಾರದ ಮೇಲಿನ ವಿಶ್ವಾಸವೂ ಇಳಿಯಿತು. 2019ರಲ್ಲಿ ಪ್ರಕಟವಾದ ಅಧ್ಯಯನ ಅದು. ಇಳಿಯಬೇಕಾದಲ್ಲಿ ವಿಶ್ವಾಸ ಇಳಿಯುವುದು ಓದಿನ ಲಾಭವೇ.

ಮಗಳ ಮಾತನ್ನು ತಳ್ಳಿಹಾಕುವುದಿಲ್ಲ. ಪತ್ರಿಕೆಗೆ ನೀವು ಕೊಡುವ ಬೆಲೆ ಅದರ ಕಾಗದ, ಮುದ್ರಣ, ಸಾಗಣೆಗೂ ಸಾಲುವುದಿಲ್ಲ. ಮಿಕ್ಕದ್ದನ್ನು ಜಾಹೀರಾತು ತುಂಬುತ್ತದೆ, ಜಾಹೀರಾತುದಾರರಲ್ಲಿ ಸರ್ಕಾರ ದೊಡ್ಡದು. ಚುನಾವಣೆಯ ಕಾಲದಲ್ಲಿ ದುಡ್ಡು ಪಡೆದು ಸುದ್ದಿಯ ವೇಷದಲ್ಲಿ ಪ್ರಚಾರ ಮುದ್ರಿಸುವ ‘ಕಾಸಿಗಾಗಿ ಸುದ್ದಿ’ಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯೇ 2010ರಲ್ಲಿ ವರದಿ ಕೊಟ್ಟಿತು, ಚುನಾವಣಾ ಆಯೋಗ ಅದರ ಮೇಲೆ ಕಣ್ಣಿಡಲು ಜಿಲ್ಲಾ ಮಟ್ಟದಲ್ಲಿ ಸಮಿತಿಗಳನ್ನು ನೇಮಿಸುತ್ತದೆ. ಇದೆಲ್ಲ ಇದೆ. ಆದರೆ ‘ಎಲ್ಲರೂ ಮಾರಾಟವಾಗಿದ್ದಾರೆ’ ಎಂದು ಒಮ್ಮೆ ತೀರ್ಮಾನಿಸಿದ ಮೇಲೆ ಒಳ್ಳೆಯ ವರದಿಯನ್ನೂ ಕೆಟ್ಟದ್ದನ್ನೂ ಬೇರ್ಪಡಿಸುವ ಕೆಲಸವೇ ನಿಂತುಹೋಗುತ್ತದೆ. ಮಾರಾಟವಾದ ವರದಿಗಾರನಿಗೆ ಇದಕ್ಕಿಂತ ಅನುಕೂಲದ ಓದುಗ ಸಿಗಲಾರ. ಸಂಶಯ ಇರುವವನು ವರದಿಯನ್ನು ಪರೀಕ್ಷಿಸುತ್ತಾನೆ, ಜಿಗುಪ್ಸೆ ಹಿಡಿದವನು ಪರೀಕ್ಷೆಯನ್ನೇ ಬಿಡುತ್ತಾನೆ. ನಿಮ್ಮಲ್ಲಿರುವುದು ಇನ್ನೂ ಸಂಶಯ. ಇಲ್ಲವಾದರೆ ಪತ್ರ ಬರೆಯುತ್ತಿರಲಿಲ್ಲ.

ಮುಂದೇನು ಎಂಬ ಎರಡನೆಯ ಪ್ರಶ್ನೆಗೆ ನಿಮ್ಮೆದುರು ಇರುವ ದಾರಿಗಳು ಹೆಚ್ಚಿಲ್ಲ. ಒಂದೇ ಪತ್ರಿಕೆಗೆ ಮರಳಿದರೆ ನೆಮ್ಮದಿ ಸಿಗುತ್ತದೆ, ಆದರೆ ಆ ಪತ್ರಿಕೆ ಮುದ್ರಿಸದೆ ಬಿಟ್ಟದ್ದು ನಿಮ್ಮ ಪಾಲಿಗೆ ನಡೆದೇ ಇರುವುದಿಲ್ಲ. ತಪ್ಪು ವರದಿಗಿಂತ ಇದು ದೊಡ್ಡ ನಷ್ಟ, ಏಕೆಂದರೆ ಇದು ಕಣ್ಣಿಗೆ ಬೀಳುವುದಿಲ್ಲ. ಈಗಿನಂತೆ ಎಲ್ಲವನ್ನೂ ನೋಡುತ್ತ ಹೋದರೆ ದಣಿವು ಖಚಿತ. ಮೊದಲು ಹೇಳಿದ 2024ರ ಜಾಗತಿಕ ಸಮೀಕ್ಷೆಯಲ್ಲಿ ಶೇ 39ರಷ್ಟು ಜನ ತಾವು ಆಗಾಗ ಅಥವಾ ಕೆಲವೊಮ್ಮೆ ಸುದ್ದಿಯಿಂದ ಬೇಕೆಂದೇ ದೂರ ಉಳಿಯುತ್ತೇವೆ ಎಂದಿದ್ದಾರೆ. ಪೂರ್ತಿ ಬಿಡುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ನಾನು ಒಪ್ಪುವ ದಾರಿ ಮೂಲಗಳನ್ನು ಕಡಿಮೆ ಮಾಡಿ ಅವುಗಳ ನಡುವಿನ ಅಂತರವನ್ನು ಹೆಚ್ಚಿಸುವುದು. ಒಂದು ಪತ್ರಿಕೆಯನ್ನು ಮನೆಗೆ ತರಿಸಿ ಪೂರ್ತಿ ಓದಿ, ಸಂಪಾದಕೀಯ ಪುಟವನ್ನೂ ಓದುಗರ ಪತ್ರಗಳನ್ನೂ ಬಿಡದೆ. ಮಾಲೀಕತ್ವದಲ್ಲೂ ಧೋರಣೆಯಲ್ಲೂ ಅದಕ್ಕಿಂತ ಬೇರೆಯಾದ ಇನ್ನೊಂದನ್ನು ಗ್ರಂಥಾಲಯದಲ್ಲಿ ನೋಡಿ. ಟಿವಿಯನ್ನು ಕಣ್ಣಾರೆ ನೋಡಬೇಕಾದದ್ದಕ್ಕೆ ಮಾತ್ರ ಹಚ್ಚಿ: ಮತ ಎಣಿಕೆ, ಅಧಿವೇಶನ, ಪ್ರವಾಹ. ನಿಮ್ಮ ಪಿಂಚಣಿ, ಬಡ್ಡಿದರ, ತೆರಿಗೆಯಂಥ ವಿಷಯಗಳಲ್ಲಿ ಯಾರ ವರದಿಯನ್ನೂ ಕಾಯದೆ ಆದೇಶವನ್ನೇ ತೆಗೆದು ಓದಿ. ಸುತ್ತೋಲೆ ಓದುವುದು ನಿಮಗೆ ಹೊಸದಲ್ಲ. ವಾಟ್ಸ್‌ಆ್ಯಪ್ ಗುಂಪುಗಳು ಮದುವೆ, ನಾಮಕರಣಗಳಿಗೆ ಇರಲಿ.

ಈ ದಾರಿಗೂ ಅಪಾಯವಿದೆ. ಎದುರು ಧೋರಣೆಯದನ್ನು ಓದಿದರೆ ಮನಸ್ಸು ತೆರೆಯುತ್ತದೆ ಎಂಬ ಖಾತರಿ ಇಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ರಿಸ್ ಬೈಲ್ ಮತ್ತು ಸಂಗಡಿಗರು ಅಮೆರಿಕದ ಟ್ವಿಟರ್ ಬಳಕೆದಾರರಿಗೆ ಹಣ ಕೊಟ್ಟು ಒಂದು ತಿಂಗಳು ಎದುರು ಪಕ್ಷದವರ ಸಂದೇಶಗಳನ್ನು ನೋಡುವಂತೆ ಮಾಡಿದರು. ರಿಪಬ್ಲಿಕನ್ನರು ತಮ್ಮ ನಿಲುವಿನಲ್ಲಿ ಇನ್ನಷ್ಟು ಬಿಗಿಯಾದರು. ಅಲ್ಲಿ ಅವರು ನೋಡಿದ್ದರಲ್ಲಿ ಎದುರು ಪಕ್ಷದ ನಾಯಕರ, ಅಭಿಪ್ರಾಯ ರೂಪಿಸುವವರ ಮಾತುಗಳೂ ಇದ್ದವು. ಇನ್ನೊಂದು ಪ್ರಯೋಗದಲ್ಲಿ ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2020ರ ಸೆಪ್ಟೆಂಬರ್‌ನಲ್ಲಿ ರಿಪಬ್ಲಿಕನ್ನರತ್ತ ಒಲವಿರುವ ಫಾಕ್ಸ್ ನ್ಯೂಸ್ ಚಾನೆಲ್‌ನ ವೀಕ್ಷಕರಿಗೆ ಹಣ ಕೊಟ್ಟು ಬೇರೆ ಧೋರಣೆಯ ಸಿಎನ್ಎನ್ ತೋರಿಸಿದಾಗ, ಅವರು ತಮ್ಮ ಚಾನೆಲ್ ಏನನ್ನು ಹೇಳದೆ ಬಿಡುತ್ತದೆ ಎಂಬುದನ್ನು ಕಂಡುಕೊಂಡರು. ಹಣ ನಿಂತ ಮೇಲೆ ಹಳೆಯ ಚಾನೆಲ್‌ಗೆ ಮರಳಿದರು, ಕಲಿತದ್ದೂ ಮಸುಕಾಯಿತು. ಆದ್ದರಿಂದ ಎರಡನೆಯ ಪತ್ರಿಕೆಯಲ್ಲಿ ಅಂಕಣಗಳಿಗಿಂತ ಮೊದಲು ವರದಿಗಳನ್ನು ಓದಿ, ಅದೂ ದಿನ ಬಿಡದೆ.

ತಪ್ಪು ಕಂಡಾಗ ಸುಮ್ಮನಿರಬೇಡಿ. ಪತ್ರಿಕೆಯಾದರೆ ಸಂಪಾದಕರಿಗೆ ದಿನಾಂಕ, ಪುಟ, ಆವೃತ್ತಿ ನಮೂದಿಸಿ ಬರೆಯಿರಿ. ಉತ್ತರ ಬಾರದಿದ್ದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸಬಹುದು, ಖಂಡಿಸಬಹುದು. ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. ಚಾನೆಲ್‌ಗಳಲ್ಲಿ ಸ್ವನಿಯಂತ್ರಣ ಸಂಸ್ಥೆಗೆ ಸೇರಿದವುಗಳ ಮೇಲೆ ಮೊದಲು ಚಾನೆಲ್‌ಗೆ, ಆಮೇಲೆ ಆ ಸಂಸ್ಥೆಯ ದೂರು ಪ್ರಾಧಿಕಾರವಾದ ಎನ್‌ಬಿಡಿಎಸ್‌ಎಗೆ ದೂರಬೇಕು, ಅದೂ 'ನೋಡೋಣ' ಎಂದು ವಾರಗಟ್ಟಲೆ ತಡ ಮಾಡದೆ. ಸುದ್ದಿತಾಣಗಳು 2021ರ ಐಟಿ ನಿಯಮಗಳಂತೆ ಕುಂದುಕೊರತೆ ಅಧಿಕಾರಿಯ ವಿಳಾಸ ಪ್ರಕಟಿಸಿರಬೇಕು ಮತ್ತು 15 ದಿನಗಳಲ್ಲಿ ತೀರ್ಮಾನಿಸಬೇಕು. ಯಾವ ಪತ್ರಿಕೆಯನ್ನು ಮನೆಗೆ ಉಳಿಸಿಕೊಳ್ಳಲಿ ಎಂಬುದಕ್ಕೆ ನಾನು ಬಳಸುವ ಅಳತೆಗೋಲು ಇದೇ: ತಿದ್ದುಪಡಿಗಳನ್ನು ಕಾಣುವ ಜಾಗದಲ್ಲಿ ಪ್ರಕಟಿಸುವ ಪತ್ರಿಕೆ. ಒಂದೂ ತಿದ್ದುಪಡಿ ಇಲ್ಲದ ಪತ್ರಿಕೆ ತಪ್ಪೇ ಮಾಡುವುದಿಲ್ಲವೆಂದು ನಂಬಲು ನಾನು ಡೆಸ್ಕ್‌ನಲ್ಲಿ ಕುಳಿತವನು, ನನ್ನಿಂದಾಗದು.

ಕೊನೆಯದಾಗಿ ಒಂದು ಕೆಲಸ. ನೀವು ಹೋಗುವ ಗ್ರಂಥಾಲಯದಲ್ಲಿ ಹಳೆಯ ಸಂಚಿಕೆಗಳ ಕಟ್ಟು ಉಳಿದಿದ್ದರೆ, ಆ ಅಪಘಾತದ ಎರಡನೆಯ ಮತ್ತು ಮೂರನೆಯ ದಿನದ ಪುಟಗಳನ್ನು ತೆಗೆಸಿ ನೋಡಿ. ‘ಮೂವರು’ ಎಂದಿದ್ದ ಪತ್ರಿಕೆ ಆಮೇಲೆ ‘ಮೃತರ ಸಂಖ್ಯೆ ಇಷ್ಟಕ್ಕೆ ಏರಿಕೆ’ ಎಂದು ಬರೆದಿದೆಯೇ, ಬರೆದಿದ್ದರೆ ಯಾವ ಪುಟದಲ್ಲಿ, ನಿಮ್ಮ ಕಣ್ಣೆದುರು ಉಸಿರು ನಿಂತ ಆ ನಾಲ್ಕನೆಯವರ ಹೆಸರು ಕೊನೆಗೂ ಅಚ್ಚಾಯಿತೇ ಎಂಬುದನ್ನು ಗುರುತು ಹಾಕಿಕೊಂಡು ನನಗೊಂದು ಸಾಲು ಬರೆಯಿರಿ.